ಹೊಗೆ ಹೋಗದ ದಿಕ್ಕು

ಜರ್ಮನಿಯ ರೆನ್ನಿಂಗೆನ್‌ನಲ್ಲಿ ವಾರವೆಲ್ಲ ಬ್ರೇಕಿನ ಸೆನ್ಸರ್ ಪರೀಕ್ಷಿಸುವ ಮಹೇಶಕುಮಾರ, ಶನಿವಾರ ಬಂದರೆ ಎಲಿಯಾಸ್ ಆಗುತ್ತಿದ್ದ. ಇನ್ನೂರೈವತ್ತು ವರ್ಷದ ಹಿಂದಿನ ಅಮೆರಿಕದ ಗಡಿನಾಡಿನ ಬೇಹುಗಾರ, ಸಿಪಾಯಿ. ಅವನ ಕ್ಲಬ್ಬಿನ ಜರ್ಮನ್ನರು ಕಾಡಂಚಿನಲ್ಲಿ ಡೇರೆ ಹೊಡೆದು, ಫೋನುಗಳನ್ನು ತಗಡಿನ ಡಬ್ಬಿಯಲ್ಲಿ ಬೀಗ ಹಾಕಿಟ್ಟು, ಎರಡು ದಿನ ಆ ಕಾಲದವರಂತೆಯೇ ಬದುಕುವವರು. ಎಲಿಯಾಸ್ ಎಂಬವನೊಬ್ಬ ನಿಜಕ್ಕೂ ಇರಲಿಲ್ಲ. ಹಲವರ ಬದುಕನ್ನು ಸೇರಿಸಿ ಹೊಲಿದು ಕ್ಲಬ್ಬಿನವರೇ ಮಾಡಿದ ಮನುಷ್ಯ ಅವನು. ಮೀಸೆ ಮೂಡುವ ಮೊದಲೇ ಕೋವಿ ಹಿಡಿದ, ದಂಡಿನ ಮುಂದೆ ಒಬ್ಬನೇ ಕಾಡು ಹೊಕ್ಕು ದಾರಿ ನೋಡಿ ಬಂದ, ಹಿಮದಲ್ಲಿ ಕಾಲ್ಬೆರಳು ಕಳೆದುಕೊಂಡ, ಕಡೆಗೆ ತಾನೇ ದಾರಿ ತೋರಿಸಿದ ಊರಿನಲ್ಲಿ ಯಾರಿಗೂ ಗುರುತಿಲ್ಲದೆ ಸತ್ತ. ಇದನ್ನು ಮಹೇಶ ಸ್ವಂತ ಮುತ್ತಜ್ಜನ ಕಥೆಯಂತೆ ಹೇಳುತ್ತಿದ್ದ, ಕೇಳಿದವರಿಗೂ ಕೇಳದವರಿಗೂ.

ಈ ಸಲ ಬಾಗಲಕೋಟೆಯಿಂದ ಬಂದಿದ್ದ ಮಾವ ಚನ್ನಮಲ್ಲಪ್ಪನವರೂ ಜೊತೆಗಿದ್ದರು. ಅಳಿಯನ ಚರ್ಮದಂಗಿ ನೋಡಿ ಅವರಿಗೆ ನಗು.

"ಅಳಿಯಂದ್ರ, ಇಷ್ಟೆಲ್ಲಾ ಓದಿ, ಕಡೀಕ ಬಯಲಾಟದಾಗ ಪಾರ್ಟು ಮಾಡಾಕ ಬಂದ್ರಿ?"

ಮಹೇಶನೂ ನಕ್ಕು ಅವರಿಗೆ ಊಟಕ್ಕೆ ಮೊದಲಿನ ಇನ್ಸುಲಿನ್ ಚುಚ್ಚಿದ. ಊಟ ಹೇಗೂ ತಯಾರಿತ್ತು. ಹೆಂಡತಿ ವಂದನಾ ಡೇರೆಯಲ್ಲಿ ರೊಟ್ಟಿಯ ಗಂಟು ಬಿಚ್ಚಿ ಹೊರಬರುವಷ್ಟರಲ್ಲಿ ಮಾವ ಇರಲಿಲ್ಲ.

"ಇಲ್ಲೇ ಎಲ್ಲೋ ಹೋಗಿರ್ತಾರ," ಎಂದ ಮಹೇಶ. ವಂದನಾ ಕಾರಿನತ್ತ ಹೋಗಿ ನೋಡಿ ಬಂದಳು.

"ರೀ, ವಿಭೂತಿ ಚೀಲ ಇಲ್ಲ, ನೀರಿನ ತಂಬಿಗಿನೂ ಇಲ್ಲ. ಅಪ್ಪಾರ ಪೂಜಿ ಆಗಿಲ್ಲೇನ್ರಿ ಇನ್ನಾ?"

"ಮುಂಜಾನೆ ಮನ್ಯಾಗ ಆಗಿಲ್ಲ?"

"ಹೊತ್ತಾತು, ಹೊತ್ತಾತು ಅಂತ ಹಾರ್ನ್ ಹೊಡದವ್ರು ನೀವ. ಲಿಂಗಪೂಜಿ ಆಗದ ಅವ್ರು ತುತ್ತು ಬಾಯಿಗಿಡಂಗಿಲ್ಲ. ಕೇಳದ ಹೆಂಗ ಚುಚ್ಚಿದ್ರಿ?"

ಚುಚ್ಚಿದ ಔಷಧ ಹೊಟ್ಟೆಗೆ ಊಟ ಬೀಳಲೆಂದು ಕಾಯುವುದಿಲ್ಲ. ಸಕ್ಕರೆ ಇಳಿದು ಕಾಡಿನಲ್ಲಿ ಕುಸಿದುಬಿದ್ದರೆ?

ಕ್ಲಬ್ಬಿನ ಮುಖ್ಯಸ್ಥ ಡೀಟರ್ ಆಗಲೇ ಜನರನ್ನು ಹಳ್ಳದ ಕಡೆ ಇಳಿಸಿದ್ದ. "ಹೆರ್ ಚನ್ನಾ" ಎಂದು ಅವರು ಜರ್ಮನ್ನಿನಲ್ಲಿ ಕೂಗುವುದು ಕೇಳುತ್ತಿತ್ತು. ಮಹೇಶ ಬಗ್ಗಿ ಹೆಜ್ಜೆ ಗುರುತು ಹುಡುಕಿದ. ಹೊಸಬರಿಗೆ ಅದನ್ನು ಕಲಿಸುವವನೇ ಅವನು. ಕಂಡದ್ದು ಒಣಗಿದ ಎಲೆ, ಅದರ ಕೆಳಗೆ ಇನ್ನಷ್ಟು ಎಲೆ.

ದಾರಿ ತಪ್ಪಿದವನು ನೀರಿನತ್ತ ಇಳಿಯುತ್ತಾನೆ. ಅದು ಎಲಿಯಾಸನ ಪಾಠ. ಆದರೆ ಮಾವ ದಾರಿ ತಪ್ಪಿರಲಿಲ್ಲ, ನೀರು ಅವರ ಕೈಯಲ್ಲೇ ಇತ್ತು.

"ಇವ್ರು ಎಷ್ಟು ಒದರಿದ್ರೂ ಅಷ್ಟ," ಎಂದಳು ವಂದನಾ. "ಪೂಜಿಗೆ ಕುಂತ್ರ ಅಪ್ಪಾರು ಓ ಅನ್ನಂಗಿಲ್ಲ."

ಬೆಂಕಿಯ ಮೇಲೆ ಜಿಂಕೆಯ ತೊಡೆ ಬೇಯುತ್ತಿತ್ತು. ಗಾಳಿ ಅದರ ಹೊಗೆಯನ್ನು ಹಳ್ಳದ ಕಡೆಗೇ ಒಯ್ಯುತ್ತಿತ್ತು. ಮಹೇಶ ಆ ಹೊಗೆಯನ್ನು ನೋಡಿದ. ಮಾಂಸದ ವಾಸನೆಯಲ್ಲಿ ಮಾವ ಲಿಂಗ ಬಿಚ್ಚುವವರೇ? ರೊಟ್ಟಿಯ ಗಂಟಿನಿಂದ ಬೆಲ್ಲದ ಚೂರು ಕಿತ್ತುಕೊಂಡು, ಹೊಗೆಗೆ ಬೆನ್ನು ಹಾಕಿ, ಏರಿನ ಮೇಲೆ ಓಡಿದ.

ವಾಸನೆ ನಿಂತಲ್ಲಿಂದ ಸ್ವಲ್ಪ ಮೇಲೆ ಮಾವ ಮರಕ್ಕೊರಗಿ ಕೂತಿದ್ದರು. ಹಣೆಯ ವಿಭೂತಿ ಬೆವರಿಗೆ ಕರಗಿ ಇಳಿದಿತ್ತು. ಎಡ ಅಂಗೈಯಲ್ಲಿ ಲಿಂಗ ನಡುಗುತ್ತಿತ್ತು.

"ಮಾವಾರ, ಬಾಯಿ ತಗೀರಿ."

ಅವರು ತುಟಿ ಬಿಗಿದರು. ತೊದಲಿದರು: "ಪೂಜಿ... ಆಗಿಲ್ಲ."

ಬಲವಂತ ಮಾಡಿದರೆ ಉಗುಳುತ್ತಾರೆ. ಮಹೇಶ ಬೂಟು ಕಳಚಿ ಅವರ ಮುಂದೆ ಕೂತ. ಬೆಲ್ಲವನ್ನು ಅವರ ಬಲಗೈಗಿಟ್ಟು ಮೊಣಕೈಗೆ ಆಸರೆ ಕೊಟ್ಟ.

"ಲಿಂಗಕ್ಕ ತೋರಸ್ರಿ. ಎಡಿ ಆದ ಮ್ಯಾಲೆ ಪ್ರಸಾದ ಬ್ಯಾಡ ಅನ್ನಾಕ ಬರ್ತದೇನ್ರಿ?"

ಕೈ ಗಾಳಿಯಲ್ಲಿ ತಡವರಿಸಿತು. ಲಿಂಗದ ಬಳಿ ಬಂತು, ನಿಂತಿತು. ಆಮೇಲೆ ಬಾಯಿಗೆ ಹೋಯಿತು.

ಮಹೇಶ ಅವರ ಕಣ್ಣುಗಳನ್ನೇ ನೋಡುತ್ತ ಕಾದ. ಕೆಳಗೆ ಇನ್ನೂ ಕೂಗುತ್ತಿದ್ದರು.

"ನಿಮ್ಮ ಎಲಿಯಾಸಗ," ಎಂದರು ಮಾವ ಬಹಳ ಹೊತ್ತಿನ ಮೇಲೆ, "ಸಕ್ಕರಿ ಬ್ಯಾನಿ ಇತ್ತೇನ್?"

"ಇಲ್ರಿ."

"ಮತ್ತ ಅವಂಗೇನ್ ತ್ರಾಸ."

ಮಹೇಶ ಹೂಂಗುಟ್ಟಿದ. ಮೊಣಕೈ ಮಾತ್ರ ಬಿಡಲಿಲ್ಲ.