ಹದಿನೇಳನೇ ತಾರೀಖಿನ ಬಾವುಟ

ಅನ್ವರಿ ಬೇಗಂ ಮಾನ್ವಿ ಹತ್ತಿರದ ಹಳ್ಳಿ ಶಾಲೆಯೊಂದರಲ್ಲಿ ನಾಲ್ಕನೇ ತರಗತಿಯ ಟೀಚರು. 1981ರ ಆಗಸ್ಟ್ ಹದಿನೈದರ ಭಾಷಣದಲ್ಲಿ ಹೆಡ್‌ಮಾಸ್ತರ ಸಿದ್ದರಾಮಪ್ಪ, "ಮೂವತ್ತನಾಲ್ಕು ವರ್ಷದ ಹಿಂದ ಇದೇ ದಿನ ನಮ್ಮೂರಿಗೆ ಸ್ವಾತಂತ್ರ್ಯ ಬಂತು" ಎಂದಾಗ ಅವಳಿಗೆ ಸುಮ್ಮನೆ ಕೂರಲಾಗಲಿಲ್ಲ. ಮಕ್ಕಳು ಮನೆಗೆ ಹೋಗುವತನಕ ತಡೆದುಕೊಂಡಳು, ಅಷ್ಟೆ.

"ತಪ್ಪು ಹೇಳಿದ್ರಿ ಸರ್. ಅವತ್ತು ದಿಲ್ಲಿಗೆ ಬಂತು. ನಮಗ ಬರಾಕ ಇನ್ನೂ ಹದಿಮೂರು ತಿಂಗಳು ಹಿಡೀತು. ಅವತ್ತು ನಮ್ಮ ಅಬ್ಬಾ ಜೈಲಿಗೆ ಹೋದ್ರು."

ಅವಳ ಅಬ್ಬಾ ಅಮೀರ್ ಸಾಬ್ ಮಾನ್ವಿ ಪೇಟೆಯ ದರ್ಜಿ. ಮಾನ್ವಿ ಆಗ ನಿಜಾಮರ ರಾಜ್ಯದಲ್ಲಿತ್ತು; ಅಲ್ಲಿ ತ್ರಿವರ್ಣ ಧ್ವಜ ಹಾರಿಸುವುದು ಅಪರಾಧ. ಆದರೂ ಅವತ್ತು ಅವನು ತಾನೇ ಹೊಲಿದ ಬಾವುಟವನ್ನು ಅಂಗಡಿ ಮಾಳಿಗೆಯ ಮೇಲೆ ಕಟ್ಟಿದ. ಕೆಳಗೆ ನಿಂತು ಬಿದಿರು ಎತ್ತಿಕೊಟ್ಟವಳು ಒಂಬತ್ತು ವರ್ಷದ ಅನ್ವರಿ. ಪೊಲೀಸರು ಅವನನ್ನು ಬೀದಿಯಲ್ಲೇ ಹೊಡೆದರು. ಮುಸಲ್ಮಾನನಾಗಿ ಹೀಗೆ ಮಾಡಿದೆಯಲ್ಲ ಎಂದು ಎರಡೇಟು ಹೆಚ್ಚೇ ಬಿದ್ದವು. ಮರುವರ್ಷ ಸೆಪ್ಟೆಂಬರ್ ಹದಿನೇಳಕ್ಕೆ ನಿಜಾಮರು ದಿಲ್ಲಿಯ ಸೇನೆಗೆ ಸೋಲೊಪ್ಪಿದ ಮೇಲೇ ಅವನು ರಾಯಚೂರಿನ ಜೈಲಿನಿಂದ ಕುಂಟುತ್ತಾ ಮನೆಗೆ ಬಂದದ್ದು. ಬದುಕಿರುವತನಕ ಆ ತಾರೀಖೇ ಅವನಿಗೆ ಹಬ್ಬ.

"ಈ ವರ್ಷ ಸೆಪ್ಟೆಂಬರ್ ಹದಿನೇಳಕ್ಕ ಬಾವುಟ ಏರಸೋಣ್ರಿ," ಎಂದಳು ಅನ್ವರಿ.

"ಆದೇಶ ಇಲ್ಲದ ಹೆಂಗ ಏರಸ್ತೀರಿ? ನೌಕರಿಗೆ ಕುತ್ತು ಬರ್ತದ."

"ನಮ್ಮ ಅಬ್ಬಾಗ ಯಾರು ಆದೇಶ ಕೊಟ್ಟಿದ್ರು?"

ಸಿದ್ದರಾಮಪ್ಪ ಶಾಲೆಯ ಬಾವುಟವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಕೀಲಿ ಜೇಬಿಗಿಳಿಸಿದ. ಅನ್ವರಿ ಮನೆಯಲ್ಲಿ ಹೊಸದನ್ನೇ ಹೊಲಿದಳು. ಚಕ್ರಕ್ಕೆ ನೀಲಿ ದಾರದ ಕಸೂತಿ ಹಾಕುವಾಗ ಸೂಜಿ ಎರಡು ಸಲ ಬೆರಳಿಗೆ ಚುಚ್ಚಿತು.

ಹದಿನೇಳರ ಬೆಳಿಗ್ಗೆ ಪ್ರಾರ್ಥನೆ ಮುಗಿದದ್ದೇ ತಡ, ಅವಳು ಕಂಬಕ್ಕೆ ಬಾವುಟ ಏರಿಸಿ ಮಕ್ಕಳಿಗೆ ಆ ದಿನದ ಕತೆ ಹೇಳತೊಡಗಿದಳು. ಕುರಿ ಹೊಡೆದುಕೊಂಡು ಹೊರಟಿದ್ದ ಮುದುಕಿ ದುರುಗಮ್ಮ ಗೇಟಿನಲ್ಲೇ ನಿಂತುಬಿಟ್ಟಳು.

"ಖರೇ ಹೇಳ್ತಾಳ ನೋಡ್ರಪ್ಪಾ. ನಿಜಾಮರ ಕಡಿ ರಜಾಕಾರರಿಗೆ ಅಂಜಿ ನಾವು ಅಡವ್ಯಾಗ ಅಡಗಿದ್ದಿವಿ. ಮನಿಗೆ ಬಂದು ಒಲಿ ಹಚ್ಚಿದ್ದು ಈ ದಿನದ ಮ್ಯಾಲೇ."

ಸಿದ್ದರಾಮಪ್ಪ ತಡೆಯಲಿಲ್ಲ. ಆದರೆ ಸುದ್ದಿ ಮೇಲಕ್ಕೆ ಹೋಯಿತು. ತಿಂಗಳೊಪ್ಪತ್ತಿನಲ್ಲಿ ರಾಯಚೂರಿನ ಶಿಕ್ಷಣ ಇಲಾಖೆಯಿಂದ ಅವಳಿಗೆ ಕರೆ ಬಂತು. ಕನಕರಾಯ ಎಂಬ ಅಧಿಕಾರಿ ಅವಳ ಮುಂದೆ ಬಿಳಿ ಹಾಳೆ ಸರಿಸಿದ.

"ತಪ್ಪಾತು ಅಂತ ಒಂದು ಸಾಲು ಬರೀರಿ ಬಾಯಿ. ಇಲ್ಲಿಗೇ ಮುಗಸ್ತೀನಿ."

ಅವಳೂ ಒಂದೇ ಸಾಲು ಬರೆದಳು: 'ಈ ನೆಲಕ್ಕೆ ಸ್ವಾತಂತ್ರ್ಯ ಬಂದ ದಿನ ಯಾವುದೆಂದು ಮಕ್ಕಳಿಗೆ ಹೇಳಿದ್ದೇನೆ, ಮುಂದೆಯೂ ಹೇಳುತ್ತೇನೆ.' ಕೆಳಗೆ ಸಹಿ ಹಾಕಿ ಎದ್ದು ಬಂದಳು.

ಎಂಟು ದಿನದಲ್ಲಿ ವರ್ಗಾವಣೆ. ದೇವದುರ್ಗದಿಂದಾಚೆ, ಬಸ್ಸಿಳಿದು ಮೂರು ಮೈಲಿ ನಡೆಯಬೇಕಾದ ಊರು. ಮೊದಮೊದಲು ಸಂಜೆ ಹೊತ್ತಿಗೆ ಕಾಲು ಊದಿಕೊಳ್ಳುತ್ತಿದ್ದವು. ಅತ್ತದ್ದೂ ಉಂಟು; ಆ ಸಾಲು ಬರೆದದ್ದಕ್ಕೆ ಮಾತ್ರ ಒಂದು ದಿನವೂ ಮರುಗಲಿಲ್ಲ.

ಮರುವರ್ಷದ ಸೆಪ್ಟೆಂಬರ್ ಹದಿನೇಳರ ಬೆಳಿಗ್ಗೆ ಅಲ್ಲಿನ ಹೆಡ್‌ಮಾಸ್ತರ ಜಂಬಣ್ಣ ಅವಳ ಕೈಯಲ್ಲಿದ್ದ ಬಾವುಟದ ಗಂಟು ನೋಡಿ ತಡೆದ.

"ಟೀಚರ್, ನಿಮ್ಮ ಸುದ್ದಿ ಕೇಳೀನಿ. ಇಲ್ಲಿಂದನೂ ಎತ್ತಿ ಒಗೀತಾರ."

"ಎಲ್ಲಿಗೆ ಒಗೀತಾರ್ರಿ ಸರ್? ಅಲ್ಲಿನೂ ಹದಿನೇಳನೇ ತಾರೀಖು ಬರ್ತದ."

ಜಂಬಣ್ಣ ಹೊರಗೆ ಹೋಗಿ, ಮಕ್ಕಳನ್ನು ಬಾವುಟದ ಕಂಬದ ಮುಂದೆ ಸಾಲಾಗಿ ನಿಲ್ಲಿಸಿದ.