ಕೆಂಪು ದಾರವಿಲ್ಲದ ಪೆಟ್ಟಿಗೆ

ಹಿಂಬದಿಯ ಹಲಗೆಯ ಕೊನೆಯ ಸ್ಕ್ರೂ ಬಿಚ್ಚಿ ಒಳಗೆ ಟಾರ್ಚ್ ಬಿಟ್ಟಾಗ ಶಿವಯೋಗೀಶನ ಕಣ್ಣಿಗೆ ಮೊದಲು ಬಿದ್ದದ್ದು ಒಂದು ತುಂಡು ಕರೀ ಟೇಪು. ಹಳೇ ಕಾಲದ್ದು, ಕಾವಿಗೆ ಬೆಂದು ಬೆಂದು ಬೆಲ್ಲದ ಪಾಕದ ಹಾಗೆ ಅಂಟಂಟಾಗಿತ್ತು. ಚಿಮುಟದಿಂದ ಮೆಲ್ಲಗೆ ಸುಲಿದ. ಒಳಗಿದ್ದದ್ದು ಹಸಿರು ವೈರಿನ ತುದಿ. ತಾನಾಗಿ ಕಿತ್ತುಬಂದ ವೈರಿಗೆ ಎಳೆ ಎಳೆ ಬಿಟ್ಟುಕೊಂಡಿರುತ್ತದೆ. ಇದು ಉಗುರು ಕತ್ತರಿಸಿದಷ್ಟು ಸಾಪಾಗಿತ್ತು.

“ಅರ್ಥಿಂಗ್ ಕಡದಾನ ಮಗಾ,” ಎಂದ, ಖಾಲಿ ಅಂಗಡಿಗೇ ಕೇಳಿಸುವ ಹಾಗೆ.

ಸಿಂಗಾಪುರದ ಟೋವಾ ಪಾಯೋದ ಹಳೇ ಕಾರ್ಖಾನೆ ಕಟ್ಟಡದ ಮೂರನೇ ಮಹಡಿಯಲ್ಲಿ ಅವನದೊಂದು ರಿಪೇರಿ ಅಂಗಡಿ. ಗಿಟಾರು, ಕೀಬೋರ್ಡು, ಆಂಪ್ಲಿಫೈಯರು, ಏನು ಬಂದರೂ ಬಿಚ್ಚುತ್ತಾನೆ. ಬೆಳಿಗ್ಗೆ ನೀರಜ್ ಎಂಬ ಬೆಂಗಳೂರಿನ ಹುಡುಗ, ಸಂಜೆಯ ಸಂಗೀತ ಕಾರ್ಯಕ್ರಮದ ಆಯೋಜಕರ ಕಡೆಯವನು, ಇಬ್ಬರು ಆಳುಗಳ ಕೈಲಿ ಈ ಭಾರದ ಆಂಪ್ಲಿಫೈಯರ್ ಹೊರಿಸಿಕೊಂಡು ಬಂದು ಮೇಜಿನ ಮೇಲೆ ಇಳಿಸಿ ಹೋಗಿದ್ದ. “ಅಂಕಲ್, ಒಂದು ವಾಲ್ವ್ ಹೋಗಿದೆಯಂತೆ. ಅದೊಂದು ಚೇಂಜ್ ಮಾಡಿ ಸಾಕು, ಬೇರೇನೂ ಮುಟ್ಟಬೇಡಿ ಅಂತ ಸ್ಟ್ರಿಕ್ಟ್ ಆಗಿ ಹೇಳಿದ್ದಾರೆ. ಮೂರು ಗಂಟೆಗೆ ಪಿಕಪ್ ಮಾಡ್ತೀವಿ.”

ಅರ್ಥಿಂಗ್ ಕಡಿಯುವುದು ಶಿವಯೋಗೀಶನಿಗೆ ಹೊಸದೇನಲ್ಲ. ಗದಗಿನಲ್ಲಿ ಅವನ ಅಪ್ಪ ಈರಬಸಪ್ಪ ನಾಟಕ ಕಂಪನಿಗಳಿಗೆ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದರು. ಹಳೇ ಪೆಟ್ಟಿಗೆಗಳು ಗುಂಯ್ ಅನ್ನುತ್ತವೆ, ಬಣ್ಣ ಹಚ್ಚಿಕೊಂಡ ರಾಜ ಪರದೆಯ ಹಿಂದೆ ಬಂದು ಬೈಯುತ್ತಾನೆ. ಅರ್ಥಿಂಗ್ ವೈರು ಕಡಿದರೆ ಎಷ್ಟೋ ಸಲ ಗುಂಯ್ ನಿಂತುಹೋಗುತ್ತದೆ. ಆದರೆ ಒಳಗೆ ಎಲ್ಲಾದರೂ ಕರೆಂಟು ಸೋರಿದರೆ ಅದಕ್ಕೆ ನೆಲಕ್ಕಿಳಿಯಲು ದಾರಿ ಇರುವುದಿಲ್ಲ, ಮುಟ್ಟಿದವನ ಮೈಯೇ ದಾರಿ. ಅದಕ್ಕೇ ಅಪ್ಪ ಒಂದು ಕಟ್ಟುಪಾಡು ಮಾಡಿದ್ದರು: ಕಡಿದ ಪೆಟ್ಟಿಗೆಯ ಹಿಡಿಕೆಗೆ ಕೆಂಪು ದಾರ ಕಟ್ಟಲೇಬೇಕು. ದಾರ ಕಂಡವರು ಹುಷಾರಾಗುತ್ತಿದ್ದರು. “ಕಡಿಯೂದು ತಪ್ಪು. ಕಡದು ಹೇಳದ ಇರೂದು ಪಾಪ,” ಎನ್ನುತ್ತಿದ್ದರು.

ಈ ಪೆಟ್ಟಿಗೆಗೆ ದಾರವೂ ಇರಲಿಲ್ಲ, ಚೀಟಿಯೂ ಇರಲಿಲ್ಲ. ಪ್ಲಗ್ ಹಾಕಿ, ಲೋಹದ ಮೈಗೂ ನೆಲಕ್ಕೂ ಮೀಟರ್ ಹಿಡಿದ. ನೂರಾ ಎಪ್ಪತ್ತು ವೋಲ್ಟು. ಕೈ ಹಿಂದೆಗೆದುಕೊಂಡ. ಗಿಟಾರಿನ ವೈರು ಈ ಪೆಟ್ಟಿಗೆಗೇ ಬಂದು ಸೇರುತ್ತದೆ. ಮೈಗೆ ಬಂದ ಕರೆಂಟು ತಂತಿಗೂ ಬಂದ ಹಾಗೆಯೇ.

ಪ್ಲಗ್ ತೆಗೆದು ಮತ್ತೆ ಟಾರ್ಚ್ ಬಿಟ್ಟಾಗ ತಗಡಿನ ಮೇಲೆ ಪೆನ್ಸಿಲ್ ಬರಹ ಕಂಡಿತು. ಯಾವ ದೇಶವಾದರೂ ರಿಪೇರಿಯವರ ಪದ್ಧತಿ ಒಂದೇ. ಬಿಚ್ಚಿದವನು ಒಳಗೆ ಹೆಸರು, ತಾರೀಕು ಬರೆಯುತ್ತಾನೆ, ಮುಂದೆ ಬಿಚ್ಚುವವನಿಗೆ ಗೊತ್ತಾಗಲೆಂದು. ಇಂಗ್ಲಿಷ್ ಅಕ್ಷರಗಳಲ್ಲಿ ಡಿ.ಎಚ್. ಎಂದಿತ್ತು. ಕೆಳಗೆ 14.3.74.

ಶಿವಯೋಗೀಶ ಆ ತಾರೀಕನ್ನು ಎರಡು ಸಲ ಓದಿದ. ಮಗಳು ವರ್ಣಿಕಾ ಒಂದು ತಿಂಗಳಿಂದ ಊಟಕ್ಕೆ ಕೂತಾಗಲೆಲ್ಲ ಒಪ್ಪಿಸುತ್ತಿದ್ದ ಕಥೆ ಅವನಿಗೆ ಬಾಯಿಪಾಠವಾಗಿತ್ತು. ಡೆನಿಸ್ ಹಾರ್ಕಪ್, ಇಂಗ್ಲೆಂಡಿನ ಗಿಟಾರ್ ವಾದಕ. ಇಪ್ಪತ್ತೈದನೇ ವಯಸ್ಸಿನವರೆಗೂ ಬ್ಯಾಂಡಿನಲ್ಲಿ ಎಡಗಡೆ ತಲೆ ತಗ್ಗಿಸಿ ನಿಂತು ನುಡಿಸಿದವನು. ಹಾಡುತ್ತಿದ್ದದ್ದು, ಹುಡುಗಿಯರ ಕಿರುಚಾಟವೆಲ್ಲ ಗಿಟ್ಟಿಸುತ್ತಿದ್ದದ್ದು ಗೆಳೆಯ ಟೆರಿ. 1974ರ ಮಾರ್ಚ್ ಹದಿನಾರರಂದು ಯಾವುದೋ ಸಣ್ಣ ಊರಿನ ಸಭಾಂಗಣದಲ್ಲಿ ಟೆರಿ ಒಂದು ಕೈಯಲ್ಲಿ ಉಕ್ಕಿನ ಮೈಕು ಹಿಡಿದು, ತಮಾಷೆಗೆ ಇನ್ನೊಂದು ಕೈಯನ್ನು ಡೆನಿಸನ ಗಿಟಾರಿನ ತಂತಿಗಳ ಮೇಲೆ ಇಟ್ಟ. ಅಲ್ಲೇ ಬಿದ್ದ, ಏಳಲಿಲ್ಲ. ಸಭಾಂಗಣದ ವೈರಿಂಗ್ ಸರಿಯಿರಲಿಲ್ಲ ಎಂದು ವಿಚಾರಣೆಯವರು ಬರೆದು ಮುಗಿಸಿದರು. ಆರು ತಿಂಗಳಲ್ಲಿ ಡೆನಿಸ್ ತಾನೇ ಹಾಡತೊಡಗಿದ. ಸತ್ತ ಗೆಳೆಯನ ಮೇಲೆ ಕಟ್ಟಿದ ಹಾಡು ಲೋಕವನ್ನೇ ಅಳಿಸಿತು. ಆಮೇಲೆ ಹದಿನಾಲ್ಕು ಆಲ್ಬಮ್ಮು, ಮೂರು ಮದುವೆ, ಕುಡಿತ, ಹತ್ತು ವರ್ಷದ ಅಜ್ಞಾತವಾಸ. ಈಗ ಎಪ್ಪತ್ತಾರಕ್ಕೆ ವಿದಾಯದ ಪ್ರವಾಸ. ಸಿಂಗಾಪುರವೇ ಮೊದಲ ಊರು. ಗೋದಾಮಿನಲ್ಲಿ ಮಲಗಿದ್ದ ಆ ಕಾಲದ ಆಂಪ್ಲಿಫೈಯರನ್ನು ಇದಕ್ಕೆಂದೇ ಎಬ್ಬಿಸಿ ತಂದಿದ್ದ.

ಪ್ರತಿ ಊರಿನಲ್ಲೂ ಕೊನೆಯ ಹಾಡಿಗೆ ಆ ಊರಿನ ಒಬ್ಬ ಎಳೆಯ ಗಾಯಕಿ ವೇದಿಕೆ ಹತ್ತಬೇಕು. ಉಕ್ಕಿನ ಮೈಕು ಹಿಡಿದು ಅವನ ಜೊತೆ ಹಾಡಬೇಕು, ಕಡೆಗೆ ಅಂಗೈಯನ್ನು ತಂತಿಗಳ ಮೇಲಿಟ್ಟು ಸದ್ದು ನಿಲ್ಲಿಸಬೇಕು. ಟೆರಿಯ ನೆನಪಿಗೆ. ಇಲ್ಲಿ ಮುನ್ನೂರು ಜನರಲ್ಲಿ ಆರಿಸಿದ್ದು ವರ್ಣಿಕಾಳನ್ನು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಹಾಗಲ್ಲ, ಹುಡುಗಿ ನಿಜಕ್ಕೂ ಚೆನ್ನಾಗಿ ಹಾಡುತ್ತಿದ್ದಳು.

ಹೆಂಡತಿ ರೋಹಿಣಿಗೆ ಫೋನ್ ಮಾಡಿ ಕಂಡದ್ದನ್ನೆಲ್ಲ ಹೇಳಿದ.

“ಅಯ್ಯ ಶಿವನ! ಹಂಗಾದ್ರ ಆಕಿನ್ನ ಕಳಸಬ್ಯಾಡ್ರಿ.”

“ಆಕಿ ಕೇಳ್ತಾಳೇನ? ಊಟಾ ನಿದ್ದಿ ಬಿಟ್ಟು ಕುಂತಾಳ.”

“ಅಲ್ರೀ, ಗ್ವಾಡಿಯೊಳಗ ಕರೆಂಟ್ ಸೋರಿದ್ರ ತಾನ ಬಂದಾಗೂ ಟ್ರಿಪ್ ಸ್ವಿಚ್ ಇರ್ತದಲ್ಲ?”

“ಇರ್ತದ. ಅದನ್ನ ನಂಬಿ ಮಗಳ ಕೈ ಇಡ್ಸಲೇನ?”

ರೋಹಿಣಿ ಅಂದಳು, “ನಿಮ್ಮ ಕೈಯಾಗ ಐತಲ್ಲ ಪೆಟ್ಟಿಗಿ. ಜೋಡಿಸಿಬಿಡ್ರಿ.”

ಜೋಡಿಸಿದ. ಮುಟ್ಟಬೇಡ ಎಂದವರ ಮಾತು ಅವರಿಗೇ ಇರಲಿ. ಹಸಿರು ವೈರಿನ ತುದಿ ಕೆರೆದು, ತಗಡಿಗೆ ಕೂಡಿಸಿ ಗಟ್ಟಿಯಾಗಿ ಬೆಸುಗೆ ಹಾಕಿದ. ಬಲ್ಬಿನಂಥ ಗಾಜಿನ ವಾಲ್ವ್ ಬದಲಿಸಿದ. ಮತ್ತೆ ಮೀಟರ್ ಹಿಡಿದರೆ ಸೊನ್ನೆ. ಪೆಟ್ಟಿಗೆ ಗುಂಯ್ ಎಂದಿತು. ಸಣ್ಣ ಸದ್ದು, ಮುಚ್ಚಿದ ಕೋಣೆಯಲ್ಲಿ ದುಂಬಿ ಸಿಕ್ಕಿಕೊಂಡ ಹಾಗೆ. ಡಿ.ಎಚ್. ಕೆಳಗೆ ಅಪ್ಪನ ಪದ್ಧತಿಯಂತೆ ಕನ್ನಡದಲ್ಲಿ ‘ಶಿವಯೋಗೀಶ’ ಎಂದು ಬರೆದು ತಾರೀಕು ಹಾಕಿದ.

ಮೂರಕ್ಕೆ ನೀರಜ್ ಬಂದಾಗ ಅವನ ಹಿಂದೆ ಸ್ವತಃ ಹಾರ್ಕಪ್ ಬಂದ. ಬೆನ್ನು ಬಾಗಿದ, ನೀಲಿ ಕಣ್ಣಿನ ಉದ್ದ ಮುದುಕ. ಕಾಲಲ್ಲಿ ನಾಲ್ಕು ಬೆರಳು ದಪ್ಪದ ರಬ್ಬರ್ ಅಟ್ಟೆಯ ಬೂಟು, ನಡೆದರೆ ಸಪ್ಪಳವೇ ಇಲ್ಲ. ಬಲು ಸ್ನೇಹದ ಮನುಷ್ಯ. ಮೇಜಿನ ಮೇಲಿದ್ದ ಬೆಸುಗೆಯ ಕಡ್ಡಿಯನ್ನು ಕೈಗೆತ್ತಿಕೊಂಡು ಪೆನ್ನಿನ ಹಾಗೆ ಹಿಡಿದ. ಕಲಿತವರು ಹಿಡಿಯುವ ರೀತಿ ಅದು.

“ಹದಿನೈದನೇ ವಯಸ್ಸಿಗೆ ರೇಡಿಯೋ ರಿಪೇರಿ ಅಂಗಡಿ ಸೇರಿದ್ದೆ,” ಎಂದ ಇಂಗ್ಲಿಷಿನಲ್ಲಿ. “ಈ ವಾಸನೆ ಬಂದರೆ ನನಗೆ ಈಗಲೂ ಹಸಿವಾಗುತ್ತದೆ.”

ಶಿವಯೋಗೀಶ ಪೆಟ್ಟಿಗೆಯ ಸ್ವಿಚ್ ಹಾಕಿದ. ದುಂಬಿ ಎದ್ದಿತು. ಮುದುಕನ ಮುಖದ ನಗು ಹಾಗೇ ಇತ್ತು, ಕಣ್ಣು ಮಾತ್ರ ಪೆಟ್ಟಿಗೆಯ ಕಡೆ ತಿರುಗಿತು.

“ಇದು ಮೊದಲು ಇರಲಿಲ್ಲ.”

“ಅರ್ಥಿಂಗ್ ವೈರು ಬಿಟ್ಟುಹೋಗಿತ್ತು ಸರ್. ಜೋಡಿಸಿದೆ.” ಕಡಿದಿತ್ತು ಎನ್ನಲು ಬಾಯಿ ಬರಲಿಲ್ಲ. ದೊಡ್ಡವರ ಮುಖಕ್ಕೆ ಹೊಡೆದ ಹಾಗೆ ಹೇಳಿ ಅವನಿಗೆ ರೂಢಿಯಿಲ್ಲ.

“ಬಿಟ್ಟುಹೋಗಿತ್ತು,” ಎಂದ ಹಾರ್ಕಪ್, ರುಚಿ ನೋಡುವವನ ಹಾಗೆ. “ನೋಡಿ, ಆ ಹಾಡಿನ ಕೊನೆಗೆ ಹುಡುಗಿ ಕೈ ಇಡುತ್ತಾಳೆ. ಆಮೇಲೆ ಏನೂ ಕೇಳಿಸಬಾರದು. ಸೂಜಿ ಬಿದ್ದರೆ ಕೇಳಬೇಕು, ಅಂಥ ಮೌನ. ಐವತ್ತು ವರ್ಷದಿಂದ ನನ್ನ ಹಾಡು ನಿಂತಿರುವುದೇ ಆ ಮೌನದ ಮೇಲೆ. ಟೆರಿಗೆ ಅದು ತಿಳಿಯುತ್ತಿರಲಿಲ್ಲ. ಗುಂಯ್ ಅಂದರೆ ಅನ್ನಲಿ ಬಿಡು ಎನ್ನುತ್ತಿದ್ದ.”

“ಆ ಕೈ ನನ್ನ ಮಗಳದು ಸರ್.”

ಮುದುಕ ಅವನನ್ನು ಆಗ ಸರಿಯಾಗಿ ನೋಡಿದ. “ಹೌದೇ? ಒಳ್ಳೆಯ ಕಂಠ,” ಎಂದು ಶಿವಯೋಗೀಶನ ಭುಜ ತಟ್ಟಿದ. ಬೆರಳುಗಳು ತಣ್ಣಗಿದ್ದವು.

ವಾಲ್ವ್ ಮತ್ತೆ ಕೈಕೊಟ್ಟೀತೆಂದು ನೀರಜ್ ಅವನನ್ನು ಸಂಜೆ ವೇದಿಕೆಯ ಪಕ್ಕದಲ್ಲಿ ಇರಲು ಹೇಳಿದ್ದ. ಶಿವಯೋಗೀಶ ಅಂಗಡಿ ಮುಚ್ಚಿ ಹೋಗುವ ಹೊತ್ತಿಗೆ ವರ್ಣಿಕಾ ಬಣ್ಣ ಹಚ್ಚಿಸಿಕೊಂಡು, ಕರೀ ಅಂಗಿಯಲ್ಲಿ, ಪರದೆಯ ಹಿಂದೆ ಅತ್ತಿಂದಿತ್ತ ಓಡಾಡುತ್ತಿದ್ದಳು.

“ಪುಟ್ಟಿ, ಒಂದು ಮಾತು. ಲಾಸ್ಟಿಗೆ ತಂತಿ ಮುಟ್ಟದೆ ಮ್ಯಾನೇಜ್ ಮಾಡಕ್ಕಾಗಲ್ವಾ? ಮೇಲೆ ಮೇಲೆ ಕೈ ಹಿಡಿದ ಹಾಗೆ ಮಾಡು.”

“ಅಪ್ಪಾ! ದಟ್ಸ್ ದ ಹೋಲ್ ಪಾಯಿಂಟ್ ಲಾ! ರಿಹರ್ಸಲ್‌ನಲ್ಲಿ ಹೊಸ ಆಂಪ್ ಇಟ್ಕೊಂಡು ಟೆನ್ ಟೈಮ್ಸ್ ಮಾಡಿದೀನಿ. ಯಾಕೆ, ಏನಾಯ್ತು?” ಮಾತಿನ ಕೊನೆಗೆ ‘ಲಾ’ ಹಚ್ಚುವುದು ಅವಳಿಗೆ ಸಿಂಗಾಪುರ ಕಲಿಸಿದ್ದು.

“ಏನಿಲ್ಲ,” ಎಂದ. ಜೋಡಿಸಿದ್ದೇನಲ್ಲ, ಸುಮ್ಮನೆ ಮಗುವನ್ನು ಯಾಕೆ ಹೆದರಿಸಲಿ ಎಂದುಕೊಂಡ. ಅದು ಅವನು ಮಾಡಿದ ತಪ್ಪು.

ಕಾರ್ಯಕ್ರಮ ಶುರುವಾಯಿತು. ಮುದುಕ ಒಂದೂವರೆ ಗಂಟೆ ಹೊಸ ಪೆಟ್ಟಿಗೆಗಳ ಮೇಲೆ ನುಡಿಸಿದ, ಜನ ಎದ್ದು ನಿಂತು ಕೂಗಿದರು. ನುಡಿಸುವುದರಲ್ಲಿ ಎರಡು ಮಾತಿಲ್ಲ, ಶಿವಯೋಗೀಶನಿಗೇ ಕಣ್ಣು ತುಂಬಿತು. ಕೊನೆಯ ಹಾಡಿಗೆ ದೀಪಗಳೆಲ್ಲ ಇಳಿದವು. ವರ್ಣಿಕಾ ಉಕ್ಕಿನ ಮೈಕು ಹಿಡಿದು ಬೆಳಕಿಗೆ ನಡೆದಳು. ನೀರಜ್ ಬಗ್ಗಿ ಹಳೇ ಪೆಟ್ಟಿಗೆಯ ಸ್ವಿಚ್ ಹಾಕಿದ. ಅದು ಪರದೆಗೆ ತಾಗಿಕೊಂಡು, ಶಿವಯೋಗೀಶನಿಂದ ಎರಡು ಮಾರು ದೂರದಲ್ಲಿತ್ತು.

ವಾಲ್ವ್‌ಗಳು ಕೆಂಪಗಾದವು. ದುಂಬಿ ಏಳಲಿಲ್ಲ.

ಕಿವಿಯೇ ಮೋಸ ಮಾಡಿತೇನೋ ಎಂದು ಬಗ್ಗಿ, ಹತ್ತಿರ ಸರಿದು ಕೇಳಿದ. ಬಾವಿಯೊಳಗಿನಂಥ ಮೌನ. ಹಾಡು ಶುರುವಾಗಿತ್ತು.

“ನೀರಜ್, ಇದನ್ನ ಯಾರು ಬಿಚ್ಚಿದ್ರು?” ಎಂದು ಪಿಸುಗುಟ್ಟಿದ.

“ಯಾರೂ ಇಲ್ಲ ಅಂಕಲ್. ಡೆನಿಸ್ ಸರ್ ಒಬ್ರೇ ಸ್ವಲ್ಪ ಹೊತ್ತು ಗ್ರೀನ್‌ರೂಮ್‌ನಲ್ಲಿ ಅದರ ಜೊತೆ ಕೂತಿದ್ರು. ನನ್ ಹತ್ರ ಸ್ಕ್ರೂಡ್ರೈವರ್ ಇಸ್ಕೊಂಡ್ರು. ಅಷ್ಟು ದೊಡ್ಡವರು, ಎಷ್ಟು ಸಿಂಪಲ್ ನೋಡಿ.”

ಶಿವಯೋಗೀಶ ಜೇಬಿನಿಂದ ಟೆಸ್ಟರ್ ತೆಗೆದ. ಗದಗಿನಿಂದ ತಂದದ್ದು, ಇಲ್ಲಿಯ ಹುಡುಗರು ಅದನ್ನು ನೋಡಿ ನಗುತ್ತಾರೆ. ಮೊಣಕಾಲೂರಿ ಪೆಟ್ಟಿಗೆಯ ಮೂಲೆಯ ಸ್ಕ್ರೂಗೆ ಅದರ ತುದಿ ಒತ್ತಿದ. ಹಿಡಿಯೊಳಗಿನ ಪುಟ್ಟ ಬಲ್ಬು ಕೆಂಪಗೆ ಹೊತ್ತಿಕೊಂಡಿತು.

ತಲೆಯೆತ್ತಿದ. ಮುದುಕನ ಮೈಕಿಗೆ ಸ್ಪಂಜಿನ ಟೋಪಿಯಿತ್ತು. ಕಾಲಿಗೆ ರಬ್ಬರ್ ಬೂಟು. ವರ್ಣಿಕಾಳ ಮುಷ್ಟಿಯಲ್ಲಿ ಬರೀ ಉಕ್ಕು, ಕರೆಂಟು ನೆಲಕ್ಕಿಳಿಯಲು ನೇರ ದಾರಿ. ಅವಳು ಹಾಡಿನ ಕೊನೆಯ ಸಾಲು ಮುಗಿಸಿ ಗಿಟಾರಿನ ಕಡೆ ತಿರುಗಿದ್ದಳು. ಎಡಗೈ ಮೇಲೇಳುತ್ತಿತ್ತು. ಕೂಗಿದರೆ ಕೇಳುವುದಿಲ್ಲ, ಓಡಿದರೆ ಮುಟ್ಟುವುದಿಲ್ಲ. ಪರದೆಯ ಬುಡದ ಸ್ವಿಚ್‌ಬೋರ್ಡಿಗೆ ಹಾರಿಬಿದ್ದು ಹಳೇ ಪೆಟ್ಟಿಗೆಯ ಪ್ಲಗ್ಗನ್ನು ಎರಡೂ ಕೈಯಲ್ಲಿ ಹಿಡಿದು ಕಿತ್ತ.

ವಾಲ್ವಿನ ಪೆಟ್ಟಿಗೆ ಒಮ್ಮೆಲೇ ಸಾಯುವುದಿಲ್ಲ. ಸದ್ದು ಬಸವಳಿದು ಇಳಿಯಿತು, ಅದು ಇಳಿಯುತ್ತಿದ್ದಾಗಲೇ ವರ್ಣಿಕಾಳ ಅಂಗೈ ತಂತಿಗಳ ಮೇಲೆ ಕೂತಿತು. ಸೂಜಿ ಬಿದ್ದರೆ ಕೇಳುವಂಥ ಮೌನ. ಅವಳು ನಿಂತೇ ಇದ್ದಳು. ಸಾವಿರಾರು ಜನ ಉಸಿರು ಬಿಗಿಹಿಡಿದಿದ್ದರು. ಆಮೇಲೆ ಚಪ್ಪಾಳೆ ಛಾವಣಿಗೆ ಹೊಡೆಯಿತು.

ಹಾರ್ಕಪ್ ಅವಳ ಕೈಯನ್ನೇ ನೋಡುತ್ತಿದ್ದ. ಆಮೇಲೆ ತಿರುಗಿ ಪರದೆಯ ಕಡೆ ನೋಡಿದ. ನೆಲದ ಮೇಲೆ ಬಿದ್ದುಕೊಂಡು ಎದೆಗೆ ಪ್ಲಗ್ ಅವಚಿಕೊಂಡಿದ್ದವನ ಮೇಲೆ ಕಣ್ಣು ನಿಂತಿತು. ನಮಸ್ಕರಿಸಿ ಒಳಗೆ ಬರುತ್ತ, ಸಪ್ಪಳವಿಲ್ಲದ ಹೆಜ್ಜೆಯಲ್ಲಿ ಅವನನ್ನು ದಾಟಿ ನೀರಜ್‌ನ ಮುಂದೆ ನಿಂತ.

“ಈ ಸಭಾಂಗಣದ ವೈರಿಂಗ್ ಸರಿಯಿಲ್ಲ,” ಎಂದ. “ಪೆಟ್ಟಿಗೆ ಹುಷಾರು. ನಾಡಿದ್ದು ಮುಂದಿನ ಊರಿಗೆ ಬೇಕು.”

ಶಿವಯೋಗೀಶನ ಮೈ ಉರಿಯಿತು. ಬಾಯಿಗೆ ಬಂದ ಬೈಗುಳ ನುಂಗಿಕೊಂಡು ಸ್ಕ್ರೂ ಬಿಚ್ಚಿದ. ಹಲಗೆ ತೆಗೆದ. ಹಸಿರು ವೈರು ಮತ್ತೆ ಕಡಿದಿತ್ತು, ಅಷ್ಟೇ ಸಾಪಾಗಿ. ತುದಿಗೆ ಹೊಸ ಕರೀ ಟೇಪು ಸುತ್ತಿತ್ತು. ಜೇಬಿನಿಂದ ಕಟ್ಟರ್ ತೆಗೆದು, ಕರೆಂಟು ತರುವ ದಪ್ಪ ವೈರನ್ನೇ ಬುಡಕ್ಕೆ ಕಚಕ್ಕೆಂದು ಕತ್ತರಿಸಿದ.

“ಅಂಕಲ್! ಏನ್ ಮಾಡಿದ್ರಿ? ನನ್ನ ಕೆಲಸ ಹೋಗುತ್ತೆ!”

“ಒಳಗ ಓದು,” ಎಂದ ಶಿವಯೋಗೀಶ. “ಫೋಟೋ ಹೊಡ್ಕೋ. ಮುಂದಿನ ಊರಿನವರಿಗೆ ಈಗಲೇ ಕಳಿಸು. ನೀನು ಕಳಿಸಲಿಲ್ಲ ಅಂದರ ನಾನು ಕಳಸ್ತೀನಿ.”

ನೀರಜ್ ಫೋನಿನ ದೀಪ ಹಾಕಿ ಬಗ್ಗಿದ. ತಗಡಿನ ಮೇಲೆ ಒಂದರ ಕೆಳಗೊಂದು ಮೂರು ಬರಹಗಳಿದ್ದವು. 1974ರ ಡಿ.ಎಚ್. ಅದರ ಕೆಳಗೆ ಕನ್ನಡದಲ್ಲಿ ಶಿವಯೋಗೀಶ. ಅದರ ಕೆಳಗೆ, ಪೆನ್ಸಿಲಿನ ಪುಡಿ ಇನ್ನೂ ಮಿನುಗುತ್ತಿದ್ದ ಹಾಗೆ, ಅದೇ ಕೈಯ ಡಿ.ಎಚ್. ಮತ್ತು ಇವತ್ತಿನ ತಾರೀಕು. ಟೆರಿ ಸಾಯುವ ಎರಡು ದಿನ ಮುಂಚಿನ ತಾರೀಕಿನ ಮೇಲೆ ನೀರಜ್ ಬೆರಳಿಟ್ಟ. ಆಮೇಲೆ ಕ್ಯಾಮೆರಾ ಸದ್ದು ಮಾಡಿತು.

“ಅಪ್ಪಾ!” ವರ್ಣಿಕಾ ಓಡಿ ಬಂದು ಅವನ ಕೊರಳಿಗೆ ಬಿದ್ದಳು. “ಕೇಳಿಸ್ತಾ? ಎಷ್ಟು ಪರ್ಫೆಕ್ಟಾಗಿ ಸೈಲೆನ್ಸ್ ಆಯ್ತು! ರಿಹರ್ಸಲ್‌ನಲ್ಲಿ ಒಂದ್ಸಲಾನೂ ಹಾಗೆ ಬಂದಿರ್ಲಿಲ್ಲ ಲಾ. ಅವರು ನಿಜವಾಗ್ಲೂ ಜೀನಿಯಸ್.”

ಶಿವಯೋಗೀಶ ಅವಳ ಎಡಗೈ ಹಿಡಿದು ದೀಪದ ಕಡೆ ತಿರುಗಿಸಿದ. ಅಂಗೈಯ ಮೇಲೆ ತಂತಿಗಳು ಒತ್ತಿದ ಆರು ಸಣ್ಣ ಗೆರೆಗಳು ಮೂಡಿದ್ದವು. ಅವು ಮಾಯುವವರೆಗೂ ಹೆಬ್ಬೆರಳಿನಿಂದ ಮೆಲ್ಲಗೆ ತಿಕ್ಕುತ್ತ ನಿಂತ.