ಕಿಟಕಿಯೆದುರಿನ ಖಾಲಿ ಜಾಗ

ಕಲ್ಲು ಹೊತ್ತ ದೋಣಿ ಹಿಂಬಾಗಿಲ ಕಾಲುವೆಗೆ ಬಂದು ನಿಂತ ದಿನ ಪೆಂಗ್ ಮನೆತನದ ಗಂಡಸರೆಲ್ಲ ದಡದ ಮೇಲಿದ್ದರು. ತಾಯ್‌ಹು ಸರೋವರದ ನೀರು ತಲೆಮಾರುಗಳ ಕಾಲ ಕೊರೆದು ಮೈತುಂಬ ತೂತು ಮಾಡಿದ ಅಲಂಕಾರದ ಕಲ್ಲು ಅದು; ನಿಲ್ಲಿಸಿದರೆ ಮೂರಾಳೆತ್ತರ. ಚಿಂಗ್‌ಮಿಂಗ್ ಎಂಬ ವಸಂತದ ಹಬ್ಬಕ್ಕೆ ಉದ್ಯಾನದ ಬಾಗಿಲು ತೆರೆದು ಸೂಝೌ ಪಟ್ಟಣದವರನ್ನೆಲ್ಲ ಒಳಗೆ ಬಿಡುವುದು ಆ ಮನೆಯ ವಾಡಿಕೆ. ಅಷ್ಟರೊಳಗೆ ಕಲ್ಲು ನಿಂತಿರಬೇಕೆಂದು ಸೊಸೆ ಪೇಲಾನಳ ಗಂಡ ರೂಹೈ ಹಟ ಹಿಡಿದಿದ್ದ.

"ಕೊಳದಾಚೆ, ಆ ಎರಡು ಪೈನ್ ಮರದ ಮಧ್ಯೆ ಖಾಲಿ ಇದೆಯಲ್ಲ, ಅಲ್ಲೇ," ಎಂದು ಊಟಕ್ಕೆ ಕುಳಿತಾಗ ಹೇಳಿದ. "ಅಪ್ಪ ಅಲ್ಲೇನೂ ಮಾಡ್ದೆ ಹೋಗ್ಬಿಟ್ರು. ಇಡೀ ತೋಟದಲ್ಲಿ ಅದೊಂದೇ ಅರೆಬರೆ. ಮಗ ಅನ್ನಿಸ್ಕೊಂಡು ಅಷ್ಟೂ ಮುಗಿಸ್ಲಿಲ್ವಲ್ಲ ಅಂತ ನಾಚಿಕೆಯಾಗುತ್ತೆ ಕಣೆ."

"ಮುಗಿಸಿ. ಮಾವನವರಿಗೂ ಸಮಾಧಾನ ಆಗುತ್ತೆ," ಎಂದು ಪೇಲಾನ್ ಕಳಲೆ ಸಾರು ಬಡಿಸಿದಳು. ಅವಳಿಗೂ ಹಾಗೇ ಅನ್ನಿಸಿತ್ತು.

ಅತ್ತೆಯ ಕೋಣೆ ಕೊಳಕ್ಕೆ ಮುಖ ಮಾಡಿತ್ತು. ಎಳವೆಯಲ್ಲೇ ಕಟ್ಟಿ ಕಿರಿದಾಗಿಸಿದ ಪಾದಗಳು, ಈಗ ಮಂಡಿನೋವು ಬೇರೆ. ಮುದುಕಿ ಮೆಟ್ಟಿಲಿಳಿದು ಎಷ್ಟೋ ಕಾಲವಾಗಿತ್ತು. ಬೆಳಗಿನಿಂದ ಸಂಜೆಯವರೆಗೆ ಕಿಟಕಿಯ ಪಕ್ಕದ ಗಿಡ್ಡ ಕುರ್ಚಿಯೇ ಅವರ ಲೋಕ. ಕೊಳದ ಅಂಚು ಹೆಪ್ಪುಗಟ್ಟುವ ಚಳಿಯಲ್ಲೂ ಕಿಟಕಿ ತೆರೆದೇ ಇರಬೇಕು. "ನಿಮ್ಮ ಹಟಕ್ಕೆ ನಾನು ಕೆಮ್ಮಿ ಸಾಯ್ಬೇಕು," ಎಂದು ಕೆಲಸದ ಆಶಿಂಗ್ ಗೊಣಗುತ್ತಿದ್ದಳು. "ನೀನು ಹೋದ್ರೆ ಕಿಟಕಿ ತೆಗೆಯೋಕೆ ಇನ್ನೊಬ್ಬಳು ಬರ್ತಾಳೆ ಬಿಡೆ," ಎಂದು ಅತ್ತೆ ನಗುತ್ತಿದ್ದರು.

ಪೇಲಾನ್ ಹಬ್ಬದ ಹಸಿರು ಕಡುಬು ಕೊಟ್ಟು, ಕಲ್ಲಿನ ಸುದ್ದಿ ಹೇಳಿದಳು.

"ಎಲ್ಲಿ ನಿಲ್ಲಿಸ್ತಾನಂತೆ?"

"ಎದುರಿಗೇ ಅತ್ತೆ, ಪೈನ್ ಮರಗಳ ನಡುವೆ. ನೀವು ಕೂತಲ್ಲಿಂದ್ಲೇ ನೋಡ್ಬಹುದು."

ಅತ್ತೆ ಕಚ್ಚಿದ ಕಡುಬನ್ನು ತಟ್ಟೆಗಿಟ್ಟರು. "ಹೌದಾ. ಅವನಿಗೆ ಸರಿ ಕಂಡಿದ್ದು ಮಾಡ್ಲಿ." ತಟ್ಟೆಯನ್ನು ಪಕ್ಕಕ್ಕೆ ಸರಿಸಿ, "ಕಿಟಕಿ ಮುಚ್ಚಿಬಿಡಮ್ಮ. ಗಾಳಿ ಜಾಸ್ತಿ," ಎಂದರು.

ಹೊರಗೆ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ.

ಆ ಮಾತು ಪೇಲಾನಳಿಗೆ ಗಂಟಲಲ್ಲಿ ಸಿಕ್ಕ ಮೀನಿನ ಮುಳ್ಳಿನ ಹಾಗೆ ಉಳಿದುಬಿಟ್ಟಿತು. ಮರುದಿನ ಆಶಿಂಗ್ ಒಳಕೋಣೆಯಲ್ಲಿ ಅತ್ತೆಯ ಕಾಲು ತೊಳೆಯುತ್ತಿದ್ದಾಗ ಪೇಲಾನ್ ಹರಿದ ಕುರ್ಚಿದಿಂಬಿಗೆ ಹೊಲಿಗೆ ಹಾಕಲು ಕಿಟಕಿ ತೆರೆದಳು, ಬೆಳಕು ಸಾಲದೆಂದು. ಹೊಲಿದಾದ ಮೇಲೆ ದಿಂಬು ಸರಿಯಾಗಿದೆಯೋ ಇಲ್ಲವೋ ನೋಡಲು ತಾನೇ ಕುಳಿತಳು. ಮದುವೆಯಾಗಿ ಬಂದಾಗಿನಿಂದ ಆ ಕೋಣೆಯಲ್ಲಿ ಅವಳು ಕುಳಿತದ್ದೇ ಇಲ್ಲ. ಅತ್ತೆಯ ಮುಂದೆ ಸೊಸೆ ನಿಂತೇ ಇರಬೇಕು.

ನಿಂತಾಗ ಇಳಿಜಾರು ಸೂರು ಆಕಾಶವನ್ನು ಮುಚ್ಚುತ್ತಿತ್ತು. ಕುಳಿತ ಕೂಡಲೇ ಸೂರು ಮೇಲೆ ಸರಿದಂತಾಯಿತು. ಎರಡು ಪೈನ್ ಮರಗಳ ನಡುವೆ, ಗೋಡೆಯಾಚೆ, ಊರಿನ ಮನೆಗಳಾಚೆ, ಉತ್ತರ ಮಠದ ಪಗೋಡ ಅಂತಸ್ತಿನ ಮೇಲೆ ಅಂತಸ್ತಾಗಿ ಎದ್ದು ನಿಂತಿತ್ತು. ಅದರ ಪ್ರತಿಬಿಂಬ ಕೊಳದಲ್ಲಿ ತಲೆಕೆಳಗಾಗಿ ಕಿಟಕಿಯ ಬುಡದವರೆಗೂ ಬಂದಿತ್ತು. ತೋಟದಲ್ಲಿ ಅಡ್ಡಾಡುವವರಿಗೆ ಮರಗಳ ಸಂದಿಯಲ್ಲಿ ಅದರ ತುದಿ ಎಲ್ಲೋ ಒಮ್ಮೆ ಕಂಡೀತು, ಅಷ್ಟೆ.

ಅತ್ತೆಯ ತವರು ಆ ಪಗೋಡದ ಬುಡದ ಓಣಿಯಲ್ಲಿತ್ತು. ತಂದೆತಾಯಿ ತೀರಿಕೊಂಡು, ಮನೆ ಬೇರೆಯವರ ಕೈಸೇರಿ ಎಷ್ಟೋ ವರ್ಷವಾಗಿತ್ತು. ಅತ್ತೆ ಒಮ್ಮೆಯೂ ಅದರ ಮಾತೆತ್ತಿದ್ದು ಪೇಲಾನಳಿಗೆ ನೆನಪಿಲ್ಲ. ನೆನಪಾದದ್ದು ಮಾವ. ಪ್ರತಿ ಚಳಿಗಾಲ ಮಾಲಿಯನ್ನು ದೂರ ಕಳಿಸಿ, ತಾವೇ ಏಣಿಯೇರಿ ಆ ಎರಡು ಮರಗಳ ಒಳಕೊಂಬೆಗಳನ್ನಷ್ಟೇ ಕತ್ತರಿಸುತ್ತಿದ್ದರು. ಮುದುಕರ ಖಯಾಲಿ ಎಂದು ಮನೆಯವರೆಲ್ಲ ನಗುತ್ತಿದ್ದರು.

ಗಂಡನಿಗೆ ಹೇಳಿಬಿಡಬಹುದಿತ್ತು. ಆದರೆ ಏನೆಂದು ಹೇಳುವುದು? ಮೊಮ್ಮಕ್ಕಳನ್ನು ಕಂಡ ಹೆಂಗಸಿಗೆ ಇನ್ನೂ ತವರಿನ ಹಂಬಲವೆಂದೇ? ಅತ್ತೆ ಇಷ್ಟು ಕಾಲ ತುಟಿ ಬಿಚ್ಚದೆ ಕಾಪಾಡಿಕೊಂಡದ್ದನ್ನು ಸೊಸೆ ಊಟದ ಮೇಜಿನ ಮೇಲೆ ಇಟ್ಟಂತಾಗುತ್ತದೆ. ಹೊರಗೆ ಆಳುಗಳು ಕಲ್ಲಿಗೆ ಹಗ್ಗ ಬಿಗಿಯುತ್ತಿದ್ದ ಸದ್ದು ಕೇಳುತ್ತಿತ್ತು.

ರೂಹೈ ಎಂದಿನಂತೆ ತಾಯಿಗೆ ನಮಸ್ಕರಿಸಲು ಬಂದ. ಹೊಸ್ತಿಲ ಬಳಿ ನಿಂತು ಬಾಗಿ, ಕ್ಷೇಮ ವಿಚಾರಿಸಿ ಹೋಗುವುದು ಅವನ ಪದ್ಧತಿ.

"ಅತ್ತೆ ಒಳಗಿದಾರೆ, ಕಾಲು ತೊಳೀತಿದಾರೆ," ಎಂದಳು ಪೇಲಾನ್. "ರೀ, ಈ ಕುರ್ಚಿ ಕಾಲು ಅಲ್ಲಾಡುತ್ತಾ ಅಂತ ಅನುಮಾನ. ಒಂದ್ಸಲ ಕೂತು ನೋಡಿ."

"ಅಮ್ಮನ ಕುರ್ಚೀಲಿ ನಾನಾ?"

"ಅವ್ರು ಬಿದ್ದ ಮೇಲೆ ಕೂರ್ತೀರಾ? ನನ್ನ ಭಾರಕ್ಕೆ ಗೊತ್ತಾಗಲ್ಲ."

ಅವನು ಅಂಗಿಯ ಅಂಚು ಸರಿಸಿ ಕುಳಿತ. ಅತ್ತಿತ್ತ ಭಾರ ಹಾಕಿದ. "ಗಟ್ಟಿಯಾಗೇ ಇದೆಯಲ್ಲೇ," ಎಂದು ತಲೆಯೆತ್ತಿದವನು ಹಾಗೇ ಉಳಿದ. ಪೇಲಾನ್ ಸೂಜಿಗೆ ದಾರ ಪೋಣಿಸುತ್ತ ಬೇರೆ ಕಡೆ ತಿರುಗಿದಳು. ಒಳಗಿನಿಂದ ನೀರು ಸುರಿಯುವ ಸದ್ದು, ಅತ್ತೆಯ ಸಣ್ಣ ಕೆಮ್ಮು.

"ಅಪ್ಪ ಅಲ್ಲಿ ಏಣಿ ಹಾಕ್ತಿದ್ರು, ಅಲ್ವಾ?" ಅವನ ದನಿ ಇಳಿದಿತ್ತು.

"ಹೂಂ."

"ನಿಂಗೆ ಯಾವಾಗ ಗೊತ್ತಾಯ್ತು?"

"ಏನು? ಕುರ್ಚಿ ವಿಷ್ಯಾನಾ?"

ಅವನು ಅವಳನ್ನು ಒಂದು ಗಳಿಗೆ ನೋಡಿ ಎದ್ದುಹೋದ.

ಕಲ್ಲು ಹಿಂಗೋಡೆಯ ಬಳಿ, ಬಿದಿರು ಮೆಳೆಯ ಮೂಲೆಯಲ್ಲಿ ನಿಂತಿತು. ಹಬ್ಬದ ದಿನ ಜನ ಹುಡುಕಿಕೊಂಡು ಹೋಗಿ ನೋಡಬೇಕಾಯಿತು. ರೂಹೈಯ ಹಳೆಯ ಗೆಳೆಯ ಕುವಾಂಗ್ ಕೊಳದ ಸೇತುವೆಯ ಮೇಲೆ ನಿಂತು ಎಲ್ಲರಿಗೂ ಕೇಳುವಂತೆ, "ಏನಯ್ಯಾ, ಮದುಮಗಳನ್ನ ತಂದು ಸೌದೆ ಕೊಟ್ಟಿಗೇಲಿ ಕೂರಿಸಿದೀಯ. ನಿಮ್ಮಪ್ಪನ ಕಣ್ಣು ನಿಂಗೆ ಬರ್ಲಿಲ್ಲ ಬಿಡು," ಎಂದ. ಸುತ್ತಲಿದ್ದವರು ನಕ್ಕರು. ಅತ್ತೆಯ ಕಿಟಕಿಯ ಹಿಂದೆ ನಿಂತಿದ್ದ ಪೇಲಾನ್ ಗಂಡನ ಮುಖವನ್ನೇ ನೋಡುತ್ತಿದ್ದಳು. ಅವನ ಕಿವಿ ಕೆಂಪೇರಿತ್ತು. ಆದರೂ ಅವನು, "ಬರ್ಲಿಲ್ಲ ಕಣಯ್ಯಾ, ಏನ್ಮಾಡೋದು. ಬಾ, ಚಹಾ ಆರೋಗುತ್ತೆ," ಎಂದಷ್ಟೇ ಹೇಳಿ ನಡೆದ. ಅಷ್ಟು ವರ್ಷದ ಸಂಸಾರದಲ್ಲಿ ಅವನನ್ನು ಅವಳು ಅಷ್ಟು ಇಷ್ಟಪಟ್ಟದ್ದು ಕಡಿಮೆ.

ಬಂದವರೆಲ್ಲ ಹೋದ ಮೇಲೆ ಅತ್ತೆ ಕಿಟಕಿಯಾಚೆ ನೋಡುತ್ತಲೇ ಕೇಳಿದರು. "ಕಲ್ಲು ಮೂಲೆಗೆ ಹೋಯ್ತಂತೆ?"

"ಹೌದಂತೆ ಅತ್ತೆ. ಅಲ್ಲೇ ಚೆಂದ ಅಂತ ಅವ್ರಿಗೆ ಅನ್ನಿಸ್ತಂತೆ."

"ದಿಂಬಿಗೆ ಹೊಲಿಗೆ ಹಾಕಿದ್ದು ನೀನೇ ತಾನೆ?"

"ಹೂಂ."

ಕೊಳದ ನೀರಿನಲ್ಲಿ ಪಗೋಡ ಮೆಲ್ಲಗೆ ಅಲುಗುತ್ತಿತ್ತು. ಅತ್ತೆ ಕಾಲಬಳಿಯ ಮಣೆಯನ್ನು ಪಾದದಿಂದಲೇ ಅವಳತ್ತ ತಳ್ಳಿದರು. "ಕೂತ್ಕೊ."

ಪೇಲಾನ್ ಹಿಂಜರಿದಳು.

"ಕೂತ್ಕೊಳ್ಳೇ, ಯಾರೂ ಇಲ್ಲ. ಅಲ್ವೇ, ನಿನ್ನ ತವರು ಶಾವ್‌ಶಿಂಗ್ ಯಾವ ದಿಕ್ಕಿಗೆ?"

"ದಕ್ಷಿಣಕ್ಕೆ ಅತ್ತೆ. ಬಲು ದೂರ. ಇಲ್ಲಿಂದ ಏನೂ ಕಾಣ್ಸಲ್ಲ."

"ಕಾಣದಿದ್ರೆ ಏನಂತೆ," ಎಂದು ಅತ್ತೆ ಒಳಗಿದ್ದ ಆಶಿಂಗಳನ್ನು ಕೂಗಿದರು. "ಏ, ಆ ದಕ್ಷಿಣದ ಕಿಟಕೀನೂ ತೆಗಿಯೇ."

"ಇನ್ನೊಂದಾ?" ಎಂದು ಗೊಣಗುತ್ತ ಆಶಿಂಗ್ ಬಂದು ಚಿಲಕ ಎಳೆದಳು.